ಭುವಿಯ ಪಾಳಿ

ಹನ್ನೆರಡೂವರೆಗೆ ಊಟ. ಈ ಮಾತನ್ನು ರುಕ್ಮವ್ವ ಒಬ್ಬಿಬ್ಬರಿಗಲ್ಲ, ಇಡೀ ಓಣಿಗೇ ಕೊಟ್ಟಿದ್ದಳು.

ಮುದ್ದೇಬಿಹಾಳದ ಆ ಚಿಕ್ಕ ಚರ್ಚಿನಲ್ಲಿ ಪ್ರತಿ ಮೇ ತಿಂಗಳು ಹತ್ತು ದಿನ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತದೆ. ಹಾಡು, ಕಥೆ, ಆಟ, ಬಣ್ಣ ಹಚ್ಚುವುದು, ಆಮೇಲೆ ಊಟ. ಹಾಡು ಕಥೆಗಳಿಗೆ ಕಾಲೇಜು ಓದುವ ಹುಡುಗಿಯರು ಬರುತ್ತಾರೆ, ಹೋಗುತ್ತಾರೆ. ಅಡುಗೆಗೆ ಮಾತ್ರ ಹದಿನಾಲ್ಕು ವರ್ಷದಿಂದ ರುಕ್ಮವ್ವನೇ. ಅದನ್ನು ಅವಳು ಸೇವೆ ಎಂದು ಕರೆದದ್ದಿಲ್ಲ. ಸೇವೆ, ತ್ಯಾಗ ಎಂಬ ದೊಡ್ಡ ಮಾತುಗಳೆಲ್ಲ ಮೈಕು ಹಿಡಿಯುವವರಿಗೆ ಬೇಕು, ಒಲೆಯ ಮುಂದೆ ನಿಂತವಳಿಗೆ ಉಪ್ಪು ಸರಿಯಿದ್ದರೆ ಸಾಕು. ಶಿಬಿರಕ್ಕೆ ವಾರ ಮುಂಚೆ ಮನೆಮನೆ ತಿರುಗಿ ಮಕ್ಕಳನ್ನು ಕಳಿಸಿರೆಂದು ಕೇಳುವವಳೂ ಅವಳೇ. ನಸುಕಿನಲ್ಲೇ ಟಂಟಂ ಹತ್ತಿ ಕೂಲಿಗೆ ಹೋಗುವ ತಾಯಂದಿರದು ಒಂದೇ ಪ್ರಶ್ನೆ.

"ಮಧ್ಯಾಹ್ನ ಹೊಟ್ಟಿಗಿ ಏನರ ಹಾಕ್ತೀಯೇನವಾ?"

"ಹನ್ನೆರ್ಡೂವರಿಗೆ ಗಂಗಾಳದಾಗ ಊಟ ಇರ್ತೈತಿ. ಇದು ನನ್ನ ಮಾತು. ಬಿಂದಾಸ ಕಳಸು."

ಆ ಮಾತಿನ ಮೇಲೆ ಅರವತ್ತು ಮಕ್ಕಳು ಬಂದಿದ್ದವು. ಚರ್ಚಿಗೆ ಬರುವ ಮನೆಗಳವು ಹತ್ತಿಪ್ಪತ್ತು, ಉಳಿದವೆಲ್ಲ ಓಣಿಯವು. ಪಕ್ಕದ ಮನೆಯ ಪೀರಬಿ ತನ್ನ ಮೊಮ್ಮಕ್ಕಳಾದ ಮೆಹರುನ್ನಿಸಾ, ಜುಲ್ಫಿಕರ ಇಬ್ಬರನ್ನೂ ಕಳಿಸಿದ್ದಲ್ಲದೆ, ಮದುವೆ ಅಡುಗೆಯ ದೊಡ್ಡ ಪಾತ್ರೆಗಳನ್ನು ಹೊರಿಸಿಕೊಂಡು ಬಂದು ಉಳ್ಳಾಗಡ್ಡಿ ಹೆಚ್ಚಲು ತಾನೂ ಕೂತುಬಿಟ್ಟಿದ್ದಳು.

ಊಟಕ್ಕೆ ರುಕ್ಮವ್ವ ಒಂದು ಪದ್ಧತಿ ಮಾಡಿದ್ದಳು. ಪ್ರಾರ್ಥನೆ ಆಗದೆ ಒಂದು ಅಗುಳೂ ಬಾಯಿಗೆ ಹೋಗಬಾರದು. ದಿನಕ್ಕೊಂದು ಮಗುವಿನ ಪಾಳಿ. ಪಾಳಿ ಬಂದ ಮಗು ಎದ್ದು ನಿಂತು, ಇವತ್ತಿನ ಊಟ ನಮ್ಮ ಗಂಗಾಳಕ್ಕೆ ಬರಲು ಯಾರು ಯಾರು ದುಡಿದರೋ ಅವರ ಹೆಸರು ಹೇಳಿ ದೇವರಿಗೆ ವಂದಿಸಬೇಕು. "ನಿಮ್ಮ ಮನ್ಯಾಗ ದೇವರಿಗೆ ಏನಂತ ಕರೀತೀರೋ ಹಂಗ ಕರೀರಿ," ಎಂದು ಮೊದಲ ದಿನವೇ ಹೇಳಿದ್ದಳು. "ಆದ್ರ ದುಡದವರ ಹೆಸರು ಮಾತ್ರ ಬಿಡಬ್ಯಾಡ್ರಿ."

ಮೊದಲ ದಿನ ಚೀಟಿ ಎತ್ತಿಸಿದಾಗ ಹತ್ತನೆಯ ಪಾಳಿ ಏಳು ವರ್ಷದ ಭುವನೇಶ್ವರಿಗೆ ಬಂತು. ಕೊನೆಯ ದಿನ, ಹುಗ್ಗಿಯ ದಿನ. ಆ ಪೋರಿ ಒಂಬತ್ತು ದಿನವೂ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದಳು. ನೀರು ಯಾರು ತಂದರು, ಗೋದಿ ಯಾರು ಒಡೆದರು, ಬದನೆಕಾಯಿ ಯಾರ ಬುಟ್ಟಿಯದು, ಎಲ್ಲ ಕೇಳಿ ಬೆರಳೆಣಿಸಿ ಬಾಯಿಪಾಠ ಮಾಡುತ್ತಿದ್ದಳು. ಒಂಬತ್ತನೆಯ ದಿನ ಅವಳಿಗೆ ಒಂದು ಅನುಮಾನ ಬಂದಿತ್ತು.

"ಆಯಿ, ಒಲಿ ಹೆಸರೂ ಹೇಳ್ಬೇಕೇನು?"

"ಹೇಳವ್ವಾ, ಅದೂ ಉರದೈತೆಲ್ಲ."

ಹತ್ತನೆಯ ದಿನ ಹನ್ನೊಂದು ಗಂಟೆಗೆ ಚರ್ಚಿನ ಸಭೆಯ ಹಿರಿಯರಾದ ದೇವಪುತ್ರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಪಾದ್ರಿಗಳು ತಾಳಿಕೋಟೆಯಲ್ಲಿ ತೀರಿಕೊಂಡ ಯಾರದೋ ಮಣ್ಣಿಗೆ ಹೋಗಿದ್ದರು, ಹಾಗಾಗಿ ಆ ದಿನ ಯಜಮಾನಿಕೆಯೆಲ್ಲ ಇವರದೇ. ಕೆಟ್ಟ ಮನುಷ್ಯರಲ್ಲ. ಆದರೆ ದೊಡ್ಡವರು ಬರುತ್ತಾರೆಂದರೆ ಚಿಕ್ಕವರು ಕಣ್ಣಿಗೆ ಬೀಳುವುದು ನಿಂತುಹೋಗುವ ಜಾತಿಯವರು.

"ರುಕ್ಮವ್ವಾ, ಇವತ್ತ ಸಂಸ್ಥಾದ ಸಾಹೇಬ್ರು ಬರಾಕತ್ತಾರ. ಇಂಡಿ, ಸಿಂದಗಿ ಶಿಬಿರ ನೋಡಿಕೊಂಡು ಇಲ್ಲಿಗೆ. ಹನ್ನೆರ್ಡಕ್ಕೆಲ್ಲ ಹುಡುಗರನ್ನ ಸಾಲಾಗಿ ಕುಂದ್ರಸಿ ನೀಡಿಬಿಡು. ಗಂಗಾಳ ತುಂಬಿರ್ಬೇಕು. ಸಾಹೇಬ್ರು ಪ್ರಾರ್ಥನಾ ಮಾಡೂದನ್ನ ಫೋಟೋ ತಗೀತಾರ."

"ಪ್ರಾರ್ಥನಾ ಇವತ್ತ ಭುವಿ ಪಾಳಿ ಐತ್ರಿ."

"ಹುಡುಗಾಟಿಕೀನ ಅದು? ಸಾಹೇಬ್ರು ಮಾಡ್ತಾರ."

ಬಾಗಿಲಲ್ಲಿ ನಿಂತಿದ್ದ ಭುವಿ ಎಣಿಸುತ್ತಿದ್ದ ಬೆರಳನ್ನು ಮಡಚಿಕೊಂಡಳು. ರುಕ್ಮವ್ವ ಅದನ್ನು ನೋಡಿದಳು. ಆದರೂ ಮುಂದಿನ ವರ್ಷದ ಅಕ್ಕಿ, ಗೋದಿ, ಗ್ಯಾಸು ಬರುವುದು ಆ ಸಂಸ್ಥೆಯಿಂದ. ಒಂದು ದಿನದ ಮಾತು, ಹೋಗಲಿ ಎಂದು ನುಂಗಿಕೊಂಡಳು. ಹಾಗೆ ನುಂಗಿದ್ದೇ ತನ್ನ ತಪ್ಪು ಎಂದು ಇವತ್ತಿಗೂ ಅವಳು ಹೇಳುತ್ತಾಳೆ.

ಹನ್ನೆರಡೂಕಾಲಿಗೆ ತಗಡಿನ ಶೆಡ್ಡಿನಲ್ಲಿ ಅರವತ್ತು ಗಂಗಾಳ ತುಂಬಿದವು. ತುಪ್ಪ ಹಾಕಿದ ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹನ್ನೆರಡೂವರೆ ಆಯಿತು. ದೇವಪುತ್ರಪ್ಪ ಫೋನು ಕಿವಿಗೆ ಹಿಡಿದು ಗೇಟಿನ ಹತ್ತಿರ ಶತಪಥ ತಿರುಗುತ್ತಿದ್ದರು.

"ಸಿಂದಗಿ ಬಿಟ್ಟಾರಂತ. ಇನ್ನೇನ ಬಂದ್ರು."

ಸಿಂದಗಿ ಅಂದರೆ ಓಣಿಯ ಆಚೆ ಇದೆಯೇ? ಅಲ್ಲಿಂದ ತಾಳಿಕೋಟೆ, ತಾಳಿಕೋಟೆಯಿಂದ ಇಲ್ಲಿಗೆ. ಬಸ್ಸಿನಲ್ಲಿ ಬರುವ ಎಂಥ ಮಗುವಿಗೂ ಗೊತ್ತಿರುವ ಲೆಕ್ಕ. ಹಿರಿಯರಿಗೆ ಮಾತ್ರ ಆ ದಿನ ಮರೆತುಹೋಗಿತ್ತು.

ಒಂದು ಗಂಟೆ. ಮೇಲೆ ತಗಡು ಕಾದು ಹೆಂಚಾಗಿತ್ತು. ಹುಗ್ಗಿಯ ಮೇಲೆ ಪದರ ಕಟ್ಟಿತು, ನೊಣ ಕೂತವು. ಮಕ್ಕಳು ಮೊದಲು ಪಿಸುಗುಟ್ಟಿದವು, ಆಮೇಲೆ ಅದನ್ನೂ ಬಿಟ್ಟವು. ಜುಲ್ಫಿಕರ ಮೆಲ್ಲಗೆ ಬೆರಳು ಚಾಚಿದ. ಮೆಹರುನ್ನಿಸಾ ಪಟ್ಟನೆ ಅವನ ಕೈಗೆ ಹೊಡೆದಳು. ಅಮಿತ ಎಂಬ ಪುಟ್ಟ ಹುಡುಗ ಗಂಗಾಳವನ್ನೇ ನೋಡುತ್ತ ನೋಡುತ್ತ ಕೂತಲ್ಲೇ ತೂಕಡಿಸಿದ. ಬೆಳಿಗ್ಗೆ ಏನು ತಿಂದಿದ್ದೆ ಎಂದು ಭುವಿಯನ್ನು ಕೇಳಿದರೆ, "ಚಾ" ಎಂದಳು.

ರುಕ್ಮವ್ವ ಮೂರು ಸಲ ಗೇಟಿಗೆ ಹೋಗಿ ಬಂದಳು. ಮೂರನೆಯ ಸಲ ಸೌಟು ಕೈಯಲ್ಲೇ ಇತ್ತು.

"ಹಿರ್ಯಾರ, ಎರಡ ಆಗಾಕ ಬಂತು. ಹುಡುಗರು ಉಣ್ಣಲ್ರಿ. ಸಾಹೇಬ್ರು ಬಂದಮ್ಯಾಗ ಆಟ ಆಡೂದರ ಫೋಟೋ ತಗೀಲಿ, ಹಾಡೂದರ ತಗೀಲಿ."

"ಊಟದ ಫೋಟೋನ ಬೇಕವ್ವಾ. ರಿಪೋರ್ಟಿನಾಗ ಅದನ್ನ ಹಾಕೂದು. ಸ್ವಲ್ಪ ತಡ್ಕೊಂಡ್ರ ಏನ ಸಾಯ್ತಾರ? ಉಪವಾಸ ಮಾಡೂದು ಕಲೀಲಿ."

"ಉಪವಾಸ ಮನ್ಯಾಗ ದಿನಾ ಕಲೀತಾರ್ರಿ ಅವು! ಅದನ್ನ ಕಲಿಸಾಕ ಇಲ್ಲಿಗೆ ಕರಕೊಂಡ ಬಂದೇನೇನು ನಾ?"

"ದನಿ ತಗ್ಗಿಸು. ಅಡಗಿ ಮಾಡೂದು ನಿನ್ನ ಕೆಲಸ, ಅಷ್ಟ ಮಾಡು."

ಹದಿನಾಲ್ಕು ವರ್ಷ ಅಡುಗೆ ಮಾಡಿದವಳಿಗೆ ಅಡುಗೆ ಯಾಕೆ ಮಾಡುತ್ತಾರೆಂಬುದು ಗೊತ್ತಿಲ್ಲವೇ? ಉಣ್ಣಲು ಮಾಡುತ್ತಾರೆ. ನೋಡಲು ಅಲ್ಲ, ತೋರಿಸಲು ಅಲ್ಲ, ಉಣ್ಣಲು. ಇಷ್ಟು ಸಣ್ಣ ವಿಷಯ ಇಸ್ತ್ರಿ ಅಂಗಿಯವರ ತಲೆಗೆ ಹೋಗದಿದ್ದರೆ ಅವಳೇನು ಮಾಡಬೇಕು? ರುಕ್ಮವ್ವನ ಮೈಯೆಲ್ಲ ಉರಿದುಹೋಯಿತು. ದಡದಡ ಶೆಡ್ಡಿಗೆ ಬಂದವಳೇ ಕೂಗಿದಳು.

"ಉಣ್ರಿ! ಎಲ್ಲಾರೂ ಉಣ್ರಿ!"

ಒಂದು ಮಗುವೂ ಕೈ ಹಾಕಲಿಲ್ಲ. ಅರವತ್ತು ಜೋಡಿ ಕಣ್ಣು ಅವಳನ್ನೇ ನೋಡಿದವು. ಪ್ರಾರ್ಥನೆ ಆಗದೆ ಒಂದು ಅಗುಳೂ ಬಾಯಿಗೆ ಹೋಗಬಾರದು, ಕಲಿಸಿದವಳು ಅವಳೇ. ಎರಡು ಗಂಟೆಯ ಹಸಿವಿನಲ್ಲೂ ಮಕ್ಕಳು ಅವಳ ಮಾತು ಉಳಿಸಿಕೊಂಡು ಕೂತಿದ್ದವು, ಅವಳು ಅವುಗಳ ತಾಯಂದಿರಿಗೆ ಕೊಟ್ಟ ಮಾತು ಉಳಿಸಿಕೊಂಡಿರಲಿಲ್ಲ. ರುಕ್ಮವ್ವನಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು.

"ಭುವೀ, ಎದ್ದು ನಿಂದ್ರು. ಇವತ್ತ ನಿನ್ನ ಪಾಳಿ."

"ರುಕ್ಮವ್ವಾ!" ಎಂದರು ಹಿಂದಿನಿಂದ ದೇವಪುತ್ರಪ್ಪ.

ಭುವಿ ಎದ್ದಳು. ಹಿರಿಯರ ಮುಖ ನೋಡಿದಳು, ಗಂಗಾಳ ನೋಡಿದಳು. ಒಂಬತ್ತು ದಿನದ ಬಾಯಿಪಾಠ ಎಲ್ಲಿ ಹೋಯಿತೋ, ಬೆರಳು ಬಿಚ್ಚಿದರೆ ಒಂದು ಹೆಸರೂ ಬರಲಿಲ್ಲ.

"ದೇವರೇ, ಹೊಟ್ಟಿ ಹಸದೈತಿ. ಆಮೆನ್."

"ಆಮೆನ್!" ಎಂದು ಇಡೀ ಶೆಡ್ಡು ಕೂಗಿತು. ಮರುಕ್ಷಣ ಅಲ್ಲಿ ಕೇಳಿದ್ದು ಮಕ್ಕಳು ಉಣ್ಣುವ ಸದ್ದು ಮಾತ್ರ. ಪೀರಬಿ ಸಾರಿನ ಪಾತ್ರೆ ಎತ್ತಿಕೊಂಡು, ಯಾರ ಕಡೆಗೂ ನೋಡದೆ, ಸಾಲಿನ ಮೇಲೆ ಸಾಲು ಬಿಸಿ ಸಾರು ಬಡಿಸುತ್ತ ಹೋದಳು.

ದೇವಪುತ್ರಪ್ಪ ಕೆಂಪಗಾಗಿ ಕೈ ಚಾಚಿದರು. "ಅಡಗಿಮನಿ ಚಾವಿ ಕೊಡು. ಮುಂದಿನ ವರ್ಷ ಬ್ಯಾರೆ ಮಂದಿ ನೋಡ್ಕೋತೇವಿ."

ರುಕ್ಮವ್ವ ಸೊಂಟದಿಂದ ಚಾವಿ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಹದಿನಾಲ್ಕು ವರ್ಷ ಮೇ ತಿಂಗಳೆಂದರೆ ಆ ಚಾವಿ. ಆದರೆ "ತಪ್ಪಾತ್ರಿ" ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಊಟವಾದ ಮೇಲೆ ನೋಡಿದರೆ ಭುವಿ ನಲ್ಲಿಯ ಹತ್ತಿರ ನಿಂತು ಬಿಕ್ಕುತ್ತಿದ್ದಳು. "ಯಾರ ಹೆಸರೂ ಹೇಳಲಿಲ್ಲ ಆಯಿ. ಎಲ್ಲಾ ಗೊತ್ತಿದ್ವು. ಒಂದೂ ಬರಲಿಲ್ಲ." ಚಾವಿ ಕೊಟ್ಟಾಗ ಆಗದಿದ್ದ ಸಂಕಟ ರುಕ್ಮವ್ವನಿಗೆ ಆಗ ಆಯಿತು. ಅನ್ನವನ್ನಾದರೂ ತಡವಾಗಿ ಕೊಡಬಹುದು. ಮಗುವಿನ ಪಾಳಿಯನ್ನು ಕಸಿದುಕೊಂಡರೆ ಎಲ್ಲಿಂದ ತಂದುಕೊಡುವುದು?

ಸಾಹೇಬರ ಕಾರು ಬಂದದ್ದು ಮೂರೂಕಾಲಿಗೆ. ಇಳಿದವರು ನಲವತ್ತರ ಆಸುಪಾಸಿನ ಮನುಷ್ಯ, ಮುಖ ಬಾಡಿತ್ತು. ಹಿಂದೆಯೇ ಕ್ಯಾಮೆರಾದವನು. ದೇವಪುತ್ರಪ್ಪ ಓಡಿಹೋಗಿ ಹಾರ ಹಾಕಿದರು, ಓಡಿಬಂದು ಮಕ್ಕಳನ್ನು ಮತ್ತೆ ಸಾಲಿನಲ್ಲಿ ಕೂರಿಸಿದರು. ತೊಳೆದಿಟ್ಟ ಗಂಗಾಳಗಳನ್ನು ತಾವೇ ಹಂಚಿದರು.

"ಉಳದ ಹುಗ್ಗಿ ಒಂದೊಂದ ಸೌಟು ಹಾಕ್ರಿ," ಎಂದು ಮೆಲ್ಲಗೆ ಹೇಳಿದರು. "ಫೋಟೋ ಆದಮ್ಯಾಗ ತಿರುಗಿ ಪಾತ್ರೆಗೆ ಸುರದ್ರಾತು."

ರುಕ್ಮವ್ವ ಮೆಲ್ಲಗೆ ಮಾತಾಡಲಿಲ್ಲ. "ಹುಡುಗರ ಮುಂದ ಇಟ್ಟ ಅನ್ನ ತಿರುಗಿ ಕಸಗೊಳ್ಳಾಕ ನನ್ನ ಕೈ ಬರೂದಿಲ್ರಿ. ಮಕ್ಕಳ ಊಟ ಆಗೇತಿ. ಉಂಡವರನ್ನ ಹಸದವರ ವೇಷ ಹಾಕಿ ಕುಂದ್ರಸಬ್ಯಾಡ್ರಿ."

ಸಾಹೇಬರಿಗೆ ಅರ್ಧ ಕೇಳಿಸಿತು. "ಊಟ ಆಯ್ತಾ ಮಕ್ಕಳದು? ಒಳ್ಳೇದಾಯ್ತಮ್ಮ. ನಮಗೇನಾದ್ರೂ ಉಳಿದಿದೆಯಾ? ಬೆಳಿಗ್ಗೆಯಿಂದ ಎಲ್ಲೂ ಕೂತು ತಿನ್ನೋಕೆ ಆಗಿಲ್ಲ."

ಎಷ್ಟೇ ಸಿಟ್ಟಿದ್ದರೂ ಹಸಿದು ಬಂದವನಿಗೆ ಇಲ್ಲ ಎನ್ನಲು ರುಕ್ಮವ್ವನಿಗೆ ಗೊತ್ತಿರಲಿಲ್ಲ. ಚಾಪೆ ಹಾಸಿ, ಗಂಗಾಳ ಇಟ್ಟು, ಹುಗ್ಗಿ, ಪಲ್ಯ, ಅನ್ನ, ಸಾರು ಬಡಿಸಿದಳು. ಸಾಹೇಬರು ಆತುರದಿಂದ ಅನ್ನಕ್ಕೆ ಕೈ ಹಾಕಿದರು.

"ಪ್ರಾರ್ಥನಾ ಆಗಿಲ್ರೀ!" ಎಂದು ಅಮಿತ ಕೂಗಿದ. ಅರವತ್ತು ಮಕ್ಕಳೂ ದನಿಗೂಡಿಸಿದವು.

ಸಾಹೇಬರು ನಕ್ಕು ಕೈ ಹಿಂದೆಗೆದರು, ಕಣ್ಣು ಮುಚ್ಚಿ, "ಪ್ರೀತಿಯ ತಂದೆಯೇ" ಎಂದು ಶುರುಮಾಡಿದರು.

"ನೀವಲ್ರಿ," ಎಂದಳು ರುಕ್ಮವ್ವ. "ಇಲ್ಲಿ ಪಾಳಿ ಐತಿ. ಇವತ್ತ ಈ ಹುಡುಗಿದು."

ಭುವಿ ಎದ್ದು ಬಂದು ಸಾಹೇಬರ ಎದುರಿಗೇ ನಿಂತಳು. ಈಗ ಹೊಟ್ಟೆ ತುಂಬಿತ್ತು. ಕಣ್ಣು ಮುಚ್ಚಿ, ಎಡಗೈ ಬೆರಳು ಬಿಚ್ಚಿದಳು.

"ದೇವರೇ, ನೀರಿನ ಟ್ಯಾಂಕರ ತಂದ ಗುಡುಸಾಬ ಕಾಕಾಗ ಒಳ್ಳೇದ ಮಾಡು. ಗೋದಿ ಒಡದ ಗಿರಣಿ ರೇವಪ್ಪಜ್ಜಾಗ. ಬದನಿಕಾಯಿ ತಂದ ಸಿದ್ದವ್ವಾಯಿಗೆ, ಆಕಿ ಬುಟ್ಟಿ ಹೊತ್ತು ಕುತ್ತಿಗಿ ನೋಯ್ತೈತಂತ. ಗ್ಯಾಸ ಟಾಕಿ ಹೊತ್ತ ಕಾಂತು ಮಾಮಾಗ. ಉಳ್ಳಾಗಡ್ಡಿ ಹೆಚ್ಚಿ ಕಣ್ಣಾಗ ನೀರ ತಂದ ಪೀರಬಿ ಆಯಿಗೆ. ಒಲಿಗೆ..."

ಎಡಗೈಯ ಬೆರಳು ಮುಗಿದವು, ಇನ್ನೊಂದು ಕೈ ಬಿಚ್ಚಿತು. ಸಾಹೇಬರ ಒಂದು ಕಣ್ಣು ತೆರೆಯಿತು. ಹುಗ್ಗಿಯ ಮೇಲೆ ಒಂದು ನೊಣ ಕೂತಿತ್ತು. ಪ್ರಾರ್ಥನೆಯಲ್ಲಿ ಅಕ್ಕಿ ಬೆಳೆದವರು ಬಂದರು, ಗಂಗಾಳ ತೊಳೆದವರು ಬಂದರು, ಗಂಗಾಳ ತೊಳೆಯುವಾಗ ನೀರು ಹಾಕಿದವರು ಬೇರೆಯಾಗಿ ಬಂದರು.

"ಸಾಕವ್ವಾ," ಎಂದರು ದೇವಪುತ್ರಪ್ಪ. "ಸಾಹೇಬ್ರು ಹಸದಾರ."

"ಕಾಯಲಿ ಬಿಡ್ರಿ," ಎಂದಳು ರುಕ್ಮವ್ವ. "ಹುಡುಗರು ತುಂಬಿದ ಗಂಗಾಳ ಮುಂದಿಟ್ಕೊಂಡು ಎರಡರ ತನಕಾ ಕಾಯ್ದಾವು. ನಿಮ್ಮ ಫೋಟೋಕ್ಕ."

ಸಾಹೇಬರ ಎರಡನೆಯ ಕಣ್ಣೂ ತೆರೆಯಿತು. ಭುವಿ ಮಾತ್ರ ಕಣ್ಣು ಬಿಡದೆ ಕೊನೆಯ ಬೆರಳಿಗೆ ಬಂದಿದ್ದಳು.

"ಮತ್ತ ತಡಾ ಮಾಡಿ ಬಂದ ಈ ಮಾಮಾಗೂ ಹೊಟ್ಟಿ ಹಸದೈತಿ. ಇನ್ನ ಮ್ಯಾಲ ಅವರಿಗೂ ವ್ಯಾಳ್ಯಾಕ್ಕ ಊಟ ಸಿಗಲಿ. ಆಮೆನ್."

ಆಮೆನ್ ಎಂದು ಮಕ್ಕಳು ಹೇಳಿದವು. ಸಾಹೇಬರು ಅನ್ನದ ಮೇಲೆ ಕೈ ಇಟ್ಟರು, ಕಲಸಲಿಲ್ಲ. "ನಂಗೆ ಗೊತ್ತಿರಲಿಲ್ಲಮ್ಮ," ಎಂದರು.

"ಕೇಳಿದ್ರ ಗೊತ್ತಾಗ್ತಿತ್ರಿ. ಇಂಡಿ ಹುಡುಗರು ಎಷ್ಟಕ್ಕ ಉಂಡ್ರು? ಸಿಂದಗಿಯವು?"

ಸಾಹೇಬರು ಕ್ಯಾಮೆರಾದವನ ಕಡೆ ನೋಡಿದರು. ಕ್ಯಾಮೆರಾದವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಹೊರಗೆ ಹೋಗಿ ನಿಂತ. ರುಕ್ಮವ್ವ ಸೌಟನ್ನು ದೇವಪುತ್ರಪ್ಪನವರ ಮುಂದಿಟ್ಟಳು.

"ಸಾಹೇಬ್ರಿಗೆ ಇನ್ನೊಂದೀಟ ನೀಡ್ರಿ. ಪಾತ್ರೆ ತೊಳ್ಯೂದೂ ಐತಿ. ಚಾವಿ ನಿಮ್ಮ ಹತ್ರನ ಐತೆಲ್ಲ."

ಮಕ್ಕಳನ್ನು ಕರೆದುಕೊಂಡು ಅವಳು ಓಣಿಗೆ ಬರುವಾಗ ಕೂಲಿಯವರ ಟಂಟಂ ಬಂದು ನಿಂತಿತ್ತು. ಭುವಿ ಓಡಿಹೋಗಿ ತಾಯಿಯ ಸೊಂಟ ಹಿಡಿದು, ತಾನು ಹೇಳಿದ ಹೆಸರುಗಳನ್ನೆಲ್ಲ ಇನ್ನೊಮ್ಮೆ ಹೇಳತೊಡಗಿದಳು. ಮೈತುಂಬ ಸಿಮೆಂಟಿನ ಧೂಳು ಮೆತ್ತಿಕೊಂಡಿದ್ದ ಆ ತಾಯಿ ಅವಳ ತಲೆ ಸವರುತ್ತ, ರುಕ್ಮವ್ವನ ಕಡೆ ನೋಡಿ, ದಿನದಂತೆ ಒಂದೇ ಮಾತು ಕೇಳಿದಳು.

"ಹನ್ನೆರ್ಡೂವರಿಗೆ ಉಂಡಳೇನವಾ?"

ಹಿರಿಯರ ಮುಂದೆ, ಸಾಹೇಬರ ಮುಂದೆ ತಗ್ಗದ ರುಕ್ಮವ್ವನ ದನಿ ಆಗ ತಗ್ಗಿತು.

"ಇಲ್ಲವ್ವಾ," ಎಂದಳು. "ಎರಡಾತು."