ಹೊಂದಲಿ

"'ಹೊಂದಲಿ' ಅಂತ ತಾನೆ ನಾನು ಹೇಳಿದ್ದು? ಇದೇನಿದು 'ಹೊಂದಿದಳು'?"

ಅಕ್ಕನ ಕೂಗಿಗೆ ಕಲ್ಲುಕುಟಿಗನ ಕೈಯ ಚಹಾ ತುಳುಕಿತು. "ನಿಮ್ಮ ತಮ್ಮನೇ ಬಂದು ತಿದ್ದಿಸಿದ್ದಮ್ಮಾ. ಮಧ್ಯೆ ನನ್ನ ತಲೆ ತಿನ್ಬೇಡಿ," ಎಂದು ಅವನು ಅಂಗಡಿಯ ಬಾಗಿಲಲ್ಲಿ ನಿಂತವನ ಕಡೆ ಕೈ ತೋರಿಸಿದ.

ಅದು ಅವರ ತಾಯಿಯ ಸಮಾಧಿಗೆ ನಿಲ್ಲಿಸುವ ಕಲ್ಲು. 'ದೇವರ ಕೃಪೆಯಿಂದ ರಕ್ಷಣೆ ಹೊಂದಿದಳು' ಎಂದು ಅಂಚಿನವರೆಗೂ ಕೊರೆದಾಗಿತ್ತು. ದೇವರ ದಯೆಗೆ ಕ್ಯಾಥೊಲಿಕ್ ಅಕ್ಕ ಹುಟ್ಟಿದಾಗಿನಿಂದ ಕೇಳಿದ ಪದ 'ವರಪ್ರಸಾದ'. ಮದುವೆಯಾದ ಮೇಲೆ ಹೆಂಡತಿಯ ಪ್ರಾಟೆಸ್ಟೆಂಟ್ ಸಭೆ ಸೇರಿದ ತಮ್ಮನಿಗೆ ಅದು 'ಕೃಪೆ'. ಹಾಳಾಗಿ ಹೋಗಲಿ ಎಂದು ಆ ಒಂದು ಪದವನ್ನು ಅವಳು ಬಿಟ್ಟುಕೊಟ್ಟಿದ್ದಳು. ಸಲಿಗೆ ಕೊಟ್ಟಿದ್ದೇ ತಪ್ಪಾಯಿತು. ಮಹರಾಯ ಈಗ ಕ್ರಿಯಾಪದಕ್ಕೇ ಕೈ ಹಾಕಿದ್ದ.

"'ಹೊಂದಲಿ' ಅಂದ್ರೆ ಇನ್ನೂ ಹೊಂದಿಲ್ಲ ಅಂತ ಅರ್ಥ," ಎಂದ ತಮ್ಮ. "ಅಮ್ಮ ಯೇಸುವನ್ನ ನಂಬಿದ್ಲು, ಅಲ್ಲಿಗೆ ಮುಗೀತು. ನಿಮ್ಮ ಫಾದರ್ ಪೂಜೆ ಮಾಡಿ, ನೀನು ಜಪಮಣಿ ತಿರುಗಿಸಿ ಅವಳನ್ನ ಮೇಲಕ್ಕೆ ತಳ್ಳಬೇಕಾಗಿಲ್ಲ."

"ಮುಗೀತು ಅನ್ನೋಕೆ ನೀನ್ಯಾರೋ? ಅಮ್ಮನ ಹೇಲು ಉಚ್ಚೆ ಬಳಿದೋಳು ನಾನು. ನೀನು ಇಸ್ತ್ರಿ ಶರ್ಟು ಹಾಕ್ಕೊಂಡು ಬಂದು, ಕುರ್ಚಿ ಮೇಲೆ ಕೂತು, ಬೈಬಲ್ ವಾಕ್ಯ ಓದಿ ಹೋದೆ."

"ಅದಕ್ಕೆ ದೇವರ ಹತ್ರ ಸಂಬಳ ಕೇಳ್ತಿದ್ದೀಯಾ? ನಾವು ಮಾಡಿದ ಕೆಲಸದಿಂದ ಯಾರೂ ಸ್ವರ್ಗಕ್ಕೆ ಹೋಗಲ್ಲ, ಅಕ್ಕಾ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಂಬಳವಂತೆ! ಯಾರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ನನಗೆ ಭಯ ಕಣೋ! ಕೊನೇ ಉಸಿರಿನ ತನಕ ಅಮ್ಮ ನಿನ್ನ ಹೆಂಡತಿಗೆ ಶಾಪ ಹಾಕ್ತಾನೇ ಇದ್ಲು. ಕ್ಷಮಿಸಿದೆ ಅಂತ ಒಂದು ಮಾತು ಹೇಳಮ್ಮಾ ಅಂತ ಕಾಲು ಹಿಡ್ಕೊಂಡೆ. ಹೇಳ್ಲಿಲ್ಲ. ಫಾದರ್ ಬಂದಾಗ ಗೋಡೆ ಕಡೆ ತಿರುಗಿ ಮಲಗಿದ್ಲು. ಅವಳಿಗೋಸ್ಕರ ನಾವು ಬೇಡಿಕೊಳ್ಳದೆ ಇನ್ಯಾರು ಬೇಡಿಕೊಳ್ಬೇಕು?"

ತಮ್ಮನ ಮುಖ ಕಪ್ಪಿಟ್ಟಿತು. ಅವನು ಗೋಡೆಗೆ ಒರಗಿಸಿದ್ದ ಬೇರೆ ಯಾರದೋ ಕಲ್ಲನ್ನು ನೋಡುತ್ತ ನಿಂತ.

"ಅಷ್ಟು ದ್ವೇಷ ಇಟ್ಕೊಂಡು ಸತ್ತೋಳಿಗೆ ನಿನ್ನ ಜಪ ಯಾವ ಮೂಲೆಗೆ ಸಾಲುತ್ತೆ? ಕೃಪೆ ಬಿಟ್ರೆ ಅವಳಿಗೆ ಇನ್ನೇನಿದೆ?"

"ಅದನ್ನೇ ಬೇಡ್ತಿರೋದು ನಾನು!"

"ಬೇಡೋದು ಅಂದ್ರೆ ಅನುಮಾನ. ಆಗಿಹೋಗಿದೆ ಅಂತಾನೇ ಕಲ್ಲು ಹೇಳ್ಬೇಕು. ನನ್ನ ಹೆಂಡತಿನೂ ಬಂದು ಅದನ್ನೇ ಓದ್ಬೇಕು."

ಅವನ ಹೆಂಡತಿಯ ಹೆಸರೆತ್ತಿದ್ದೇ ಸಾಕಾಯಿತು. ಅಕ್ಕ ಉಳಿ ಸುತ್ತಿಗೆ ಎತ್ತಿಕೊಂಡವಳೇ ಕಲ್ಲಿನ ಅಂಚಿಗೆ ಬಾರಿಸಿದಳು. ಕಲ್ಲುಕುಟಿಗ "ಅಯ್ಯೋ, ಅಮ್ಮಾ" ಎನ್ನುವಷ್ಟರಲ್ಲಿ ಇನ್ನೊಂದು ಏಟು ಬಿತ್ತು. ಅಂಚು ಸಿಡಿದು ಕೆಳಗೆ ಬಿತ್ತು. ಕೊನೆಯ ಎರಡು ಅಕ್ಷರಗಳೂ ಅದರ ಜೊತೆಗೇ ಹೋದವು.

ತಮ್ಮ ಕೈ ಎತ್ತಿದ್ದನೋ ಏನೋ, ಹಾಗೇ ಇಳಿಸಿದ. "ಕಲ್ಲು ನಿಲ್ಲಿಸೋ ದಿನ ನನಗೆ ಹೇಳಿ ಕಳಿಸ್ಬೇಡ. ನಿನ್ನ ಮುಖ ನೋಡೋಕೆ ನಾನು ಅಲ್ಲಿಗೆ ಬರಲ್ಲ," ಎಂದು ಹೊರಟುಹೋದ. ಅವನ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು.

ಕಲ್ಲುಕುಟಿಗ ಬಳಪ ಹುಡುಕಿಕೊಂಡು ಬಂದು, ಬೆರಳಿಟ್ಟು ಓದಿದ. "'ದೇವರ ಕೃಪೆಯಿಂದ ರಕ್ಷಣೆ ಹೊಂದಿ'... ಮುಂದೇನು ಬರೀಲಿ ಅಮ್ಮಾ?"

ಅಕ್ಕ ಬಗ್ಗಿ ಕಲ್ಲಿನ ಪುಡಿಯನ್ನು ಊದಿದಳು. 'ದಿ'ಯ ಆಚೆ ಬರೆಯಲು ಜಾಗವೇ ಉಳಿದಿರಲಿಲ್ಲ.