ಚಾಪೆಯ ಹಿಂದಿನ ರೇಡಿಯೋ

ನನ್ನ ಸೋದರಮಾವ ಫಿಲಿಮೋನೆ ರೇಡಿಯೋ ತರುವ ಮೊದಲು ನಮ್ಮ ದ್ವೀಪದಲ್ಲಿ ಸಂಜೆಯಾದರೆ ಗಂಡಸರು ಕಾವಾ ಬೇರಿನ ರಸ ಕುಡಿದು ಹರಟುತ್ತಿದ್ದರು, ಹೆಂಗಸರು ಚಾಪೆ ನೇಯುತ್ತ ಅವರನ್ನು ಆಡಿಕೊಳ್ಳುತ್ತಿದ್ದರು. ರೇಡಿಯೋ ಬಂದಮೇಲೆ ಎಲ್ಲರ ಬಾಯಿಗೂ ಬೀಗ. ಪಾದ್ರಿಗಳು ಸಂಜೆಯ ಪ್ರಾರ್ಥನೆಯನ್ನೇ ಬೇಗ ಮುಗಿಸತೊಡಗಿದರು. ದೊರೆಯ ಊರಾದ ನುಕುಅಲೋಫಾದಿಂದ ಬರುವ ದನಿಯೆಂದು ಹಿರಿಯರು ಸೊಂಟಕ್ಕೆ ಮರ್ಯಾದೆಯ ಚಾಪೆ ಸುತ್ತಿಕೊಂಡೇ ಕೇಳುತ್ತಿದ್ದರು. ಮಕ್ಕಳ ಜಗಳಕ್ಕೂ ವಾರ್ತೆಯ ಧಾಟಿ ಬಂದಿತ್ತು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಒಬ್ಬೊಬ್ಬರದು ಒಂದೊಂದು ಲೋಕ. ಆ ಸಂಜೆಗಳು ನೆನಪಾದರೆ ನನಗೆ ಸಂಕಟವಾಗುತ್ತದೆ.

ವಾರ್ತೆಯ ನಂತರ ಸಂದೇಶಗಳು. ಯಾರು ಸತ್ತರು, ಯಾರು ಹೆತ್ತರು, ಯಾರು ಮದುವೆಗೆ ಹಂದಿ ಕಳಿಸಬೇಕು, ಒಬ್ಬರ ಮನೆಯ ಮಾತನ್ನು ದೇಶವೆಲ್ಲ ಕೇಳುತ್ತಿತ್ತು.

ದೊಡ್ಡ ಚಂಡಮಾರುತ ಬಂದ ವರ್ಷ ರೇಡಿಯೋದ ಬ್ಯಾಟರಿ ಸತ್ತಿತು. ಹೊಸದು ತರುವ ಹಡಗಿನ ಸುಳಿವಿಲ್ಲ. ಜನ ಮಾತ್ರ ರೂಢಿಯಂತೆ ಬಂದು ಕೂತರು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಿ ಮಾವನಿಗೆ ಗೊತ್ತಿಲ್ಲ. ತೂಗುಹಾಕಿದ ಚಾಪೆಯ ಹಿಂದೆ ಹೋಗಿ, ಕೆಮ್ಮಿ, ವಾರ್ತೆಯವನ ದನಿಯಲ್ಲಿ ಶುರುಮಾಡಿಯೇಬಿಟ್ಟ: "ಪಾದ್ರಿಗಳ ಹಂದಿಯು ಗೆಣಸಿನ ತೋಟದಲ್ಲಿ ಸೆರೆಸಿಕ್ಕಿದೆ."

"ಮಾವಾ, ನಿನ್ನ ಗೊರಕೆ ಸುದ್ದೀನೂ ಓದು!" ಎಂದೆ. ನಮ್ಮಲ್ಲಿ ಅಕ್ಕನ ಮಗಳು ಮಾವನಿಗೆ ಏನಂದರೂ ನಡೆಯುತ್ತದೆ.

ನಗದೆ ಕೂತವಳು ನೆರೆಮನೆಯ ಲುಪೆ ಒಬ್ಬಳೇ. ಅವಳ ಗಂಡ ಹೇನೆಲಿ ಚಂಡಮಾರುತದ ಹಿಂದಿನ ದಿನ ಕೊಬ್ಬರಿ ದೋಣಿಯಲ್ಲಿ ನುಕುಅಲೋಫಾಗೆ ಹೊರಟಿದ್ದ. ಬದುಕಿದ್ದರೆ ಸಂದೇಶ ಕಳಿಸಿಯೇ ಇರುತ್ತಾನೆ. ಅದನ್ನು ಕೇಳುವ ದಾರಿ ನಮಗಿರಲಿಲ್ಲ.

"ಫಿಲಿಮೋನೆ ಅಣ್ಣಾ, ನಂಗೇನಾದ್ರೂ ಬಂದಿದ್ಯಾ?" ಎಂದಳು.

ಚಾಪೆಯ ಹಿಂದಿನಿಂದಲೇ ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು, ಮಾವನ ಕೈಲಿ ಆಗಲಿಲ್ಲ. ಹೊರಬಂದು, "ಇಲ್ಲಮ್ಮ. ಬೆಳಿಗ್ಗೆ ಆಚೆ ದ್ವೀಪಕ್ಕೆ, ಪಾಂಗಾಯ್‌ಗೆ ಹೋಗ್ತೀನಿ. ಅಲ್ಲಿ ರೇಡಿಯೋ ಇದೆ, ಯಾರಾದ್ರೂ ಕೇಳಿರ್ತಾರೆ," ಎಂದ.

ಕಡಲು ಇನ್ನೂ ಅಬ್ಬರಿಸುತ್ತಿತ್ತು. "ನಿನಗೆ ಹುಚ್ಚೇನೋ!" ಎಂದು ಅಮ್ಮ ಬೈದದ್ದು ದಂಡವಾಯಿತು. ಸಣ್ಣ ದೋಣಿಯಲ್ಲಿ ಹೋದವನು ಮರುದಿನ ಸಂಜೆ ತೊಯ್ದು ತೊಪ್ಪೆಯಾಗಿ ಬಂದ. ಊರೆಲ್ಲ ದಡದಲ್ಲಿತ್ತು.

"ಲುಪೆ, ಹೇನೆಲಿ ಬದುಕಿದಾನೆ. ಪಾಂಗಾಯ್ ಅಂಚೆಯವನೇ ರೇಡಿಯೋದಲ್ಲಿ ಕೇಳಿದಾನೆ."

ಲುಪೆ ಅವನ ಮುಖವನ್ನೇ ನೋಡಿದಳು. "ನನ್ನ ಸಮಾಧಾನಕ್ಕೆ ಹೇಳ್ಬೇಡಣ್ಣಾ."

"ದೇವರಾಣೆಗೂ ನಿಜ ಕಣಮ್ಮ."

"ಹಾಗಾದ್ರೆ ರೇಡಿಯೋದಲ್ಲಿ ಹೇಳು."

ಯಾರೂ ನಗಲಿಲ್ಲ. ಮಾವ ಒದ್ದೆ ಬಟ್ಟೆಯಲ್ಲೇ ಮನೆಗೆ ನಡೆದ, ನಾವು ಹಿಂದೆ ಹೋಗಿ ಕೂತೆವು. ಲುಪೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಕೂತಳು. ಒಳಗೆ ಕೆಮ್ಮು ಕೇಳಿಸಿತು.

"ಸಂದೇಶ. ಲುಪೆಗೆ, ಗಂಡ ಹೇನೆಲಿಯಿಂದ. ದೋಣಿ ಒಡೆಯಿತು. ನಾನು ಕ್ಷೇಮ. ಹಡಗು ಸಿಕ್ಕ ಕೂಡಲೇ ಬರುತ್ತೇನೆ."

ಲುಪೆ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ಆಮೇಲೆ ಅವಳು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ," ಎಂದಳು.

ನಿಜವಾದ ರೇಡಿಯೋ ಆಗಿದ್ದರೆ ಮುಂದಿನ ಸಂದೇಶಕ್ಕೆ ಹೋಗಿಬಿಡುತ್ತಿತ್ತು. ಮಾವ ಕೆಮ್ಮಿ, ಮೊದಲಿಂದ ಓದಿದ. ಅವಳಿಗೆ ಸಾಕೆನಿಸುವವರೆಗೂ ಓದಿದ.