ಕಿವಿ ಹರಿದ ಜಿಂಕೆಯ ಸರದಿ

"ಎಷ್ಟು ದಿನ ಆಗುತ್ತೆ?"

ಫೋನ್ ಎತ್ತಿದರೆ ಮೊದಲು ಬರುವುದು ಇದೇ ಪ್ರಶ್ನೆ. ಹೆಸರು ಹೇಳುವುದಕ್ಕೂ ಮುಂಚೆ. ಇಂಚರಾ ಉತ್ತರವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದಳು. ಹಕ್ಕಿಯಾದರೆ ಎಂಟು ತಿಂಗಳು, ಜಿಂಕೆಯ ತಲೆಯಾದರೆ ಹದಿನೈದರಿಂದ ಹದಿನೆಂಟು. ಆ ಕಡೆಯ ಬೇಟೆಗಾರ "ಹದಿನೆಂಟು ತಿಂಗಳಾ! ಅಷ್ಟರಲ್ಲಿ ನನ್ ಹೆಂಡ್ತಿ ಎರಡು ಹೆರ್ತಾಳೆ" ಎಂದು ನಗುತ್ತಿದ್ದ, ಇಲ್ಲವೇ ಸಿಡುಕುತ್ತಿದ್ದ. ಅವಳು ತಗ್ಗಿದ ದನಿಯಲ್ಲಿ ವಿವರಿಸುತ್ತಿದ್ದಳು. ತೊಗಲು ಹದವಾಗಲು ಹೊರಗೆ ಹೋಗಬೇಕು, ಅಲ್ಲಿಯೇ ಆರೇಳು ತಿಂಗಳು. ಬಂದಮೇಲೆ ಅದನ್ನು ಅಚ್ಚಿಗೆ ಎಳೆದು ಕೂರಿಸಬೇಕು, ಒಣಗಬೇಕು, ಕಣ್ಣು ಮೂಗಿಗೆ ಬಣ್ಣ ಆಗಬೇಕು. ಅದೆಲ್ಲಕ್ಕಿಂತ ಮೊದಲು, ನಿಮಗಿಂತ ಮುಂಚೆ ಬಂದವರ ಸರದಿ ಮುಗಿಯಬೇಕು.

ಅತ್ಲೋನ್ ಎಂಬ ಪರದೇಶದ ಊರಿನ ಹೊರಗೆ, ತಗಡಿನ ದೊಡ್ಡ ಶೆಡ್ಡಿನಲ್ಲಿ ಫಿಂಟನ್ ಎಂಬಾತ ಸತ್ತ ಪ್ರಾಣಿಗಳನ್ನು ಬದುಕಿರುವಂತೆ ನಿಲ್ಲಿಸುವ ಕೆಲಸ ಮಾಡುತ್ತಿದ್ದ. ಟ್ಯಾಕ್ಸಿಡರ್ಮಿ ಎಂದರೆ ಮೈಸೂರಿನಲ್ಲಿದ್ದ ಅಮ್ಮನಿಗೆ ಅರ್ಥವಾಗದು ಎಂದು ಇಂಚರಾ 'ಮ್ಯೂಸಿಯಂ ತರಹದ ಆಫೀಸು' ಎಂದು ಹೇಳಿಬಿಟ್ಟಿದ್ದಳು. ಅದೇ ಊರಿನ ಯೂನಿವರ್ಸಿಟಿಯಲ್ಲಿ ಡೇಟಾ ಅನಾಲಿಟಿಕ್ಸ್ ಓದಿ ಪಾಸಾದವಳಿಗೆ, ಓದಿಗೆ ತಕ್ಕ ಕೆಲಸ ಸಿಗುವತನಕ ಎಂದು ಹಿಡಿದದ್ದು ಇದು. ಫೋನು, ಈಮೇಲು, ಬಂದ ತಲೆಗಳಿಗೆ ಚೀಟಿ ಕಟ್ಟಿ ಫ್ರೀಜರಿಗೆ ಸೇರಿಸುವುದು. ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಇಂಟರ್‌ವ್ಯೂಗಳಲ್ಲಿ ಅವಳ ದನಿ ಗಂಟಲಿನಿಂದ ಮೇಲಕ್ಕೆ ಬರುತ್ತಿರಲಿಲ್ಲ. ವೀಸಾ ಮುಗಿಯುವುದು ನವೆಂಬರಿಗೆ. ತಾನೇ ಚೀಟಿ ಕಟ್ಟಿದ ಎಷ್ಟೋ ತಲೆಗಳು ಸಿದ್ಧವಾಗಿ ಗೋಡೆ ಏರುವ ಹೊತ್ತಿಗೆ ತಾನು ಈ ದೇಶದಲ್ಲಿ ಇರುವುದಿಲ್ಲ ಎಂಬ ಲೆಕ್ಕವನ್ನು ಅವಳು ಯಾರೊಂದಿಗೂ ಆಡದೆ ತಿಳಿದಿದ್ದಳು.

ಯೂಜೀನ್ ಎಂಬ ಗಿರಾಕಿ ಮಾತ್ರ ಎಷ್ಟು ದಿನ ಎಂದು ಕೇಳುತ್ತಿರಲಿಲ್ಲ. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಫೋನ್ ಮಾಡಿ ತಮ್ಮ ಜಿಂಕೆಯ ಕಿವಿಯ ವಿಷಯ ಹೇಳುತ್ತಿದ್ದರು.

"ಆ ಹರಿದ ಕಿವಿ ಹಾಗೇ ಇರ್ಲಿ ಅಂತ ಫಿಂಟನ್‌ಗೆ ಹೇಳಮ್ಮ. ಚೆನ್ನಾಗಿ ಕಾಣ್ಲಿ ಅಂತ ಹೊಲಿದುಬಿಟ್ಟಾನು."

"ಹೇಳ್ತೀನಿ, ಸರ್."

"ಸರ್ ಅನ್ಬೇಡ. ನಾನೇನು ಪೊಲೀಸಾ?"

ಎಪ್ಪತ್ತು ದಾಟಿದ ಮನುಷ್ಯನನ್ನು ಬರೀ ಹೆಸರು ಹಿಡಿದು ಕರೆಯಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಹೀಗಾಗಿ ವಾರವಾರವೂ ಆ ಸರ್ ಬರುತ್ತಿತ್ತು, ವಾರವಾರವೂ ಆ ಪೊಲೀಸ್ ಬರುತ್ತಿದ್ದ, ಇಬ್ಬರೂ ಒಂದಿಷ್ಟು ನಗುತ್ತಿದ್ದರು.

ಜಿಂಕೆಯನ್ನು ಹೊಡೆದದ್ದು ಅವರ ಮಗ ಕಾಹಲ್. ಎಡಗಿವಿ ಹರಿದಿದ್ದ ಆ ಗಂಡುಜಿಂಕೆಯನ್ನು ಮೂರು ವರ್ಷ ಬೆನ್ನುಹತ್ತಿ, ಹೋದ ಅಕ್ಟೋಬರಿನಲ್ಲಿ ಹೊಡೆದ. ಅದಾದ ಹನ್ನೊಂದನೆಯ ದಿನ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿದ ಮರುವಾರ ಯೂಜೀನ್ ಆ ತಲೆಯನ್ನು ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹೊತ್ತು ತಂದಿದ್ದರು. ಫಿಂಟನ್ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದ. ಹೊಡೆದ ಮೇಲೆ ಎಷ್ಟು ಹೊತ್ತಿಗೆ ಫ್ರೀಜರಿಗೆ ಹಾಕಿದಿರಿ?

"ಅವತ್ತೇ ರಾತ್ರಿ" ಎಂದಿದ್ದರು ಯೂಜೀನ್. ಇಂಚರಾ ಅದನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು.

ದೊಡ್ಡ ಫ್ರೀಜರುಗಳು ತುಂಬಿದ್ದರಿಂದ ಅದು ಹಿಂದಿನ ಕೋಣೆಯ ಹಳೆಯ ಸಣ್ಣ ಫ್ರೀಜರಿಗೆ ಹೋಯಿತು. ಅದರಲ್ಲಿ ಅದೊಂದೇ ತಲೆ.

ಆ ತಿಂಗಳ ಕೊನೆಗೆ ಸೋಮವಾರ ಸೇರಿಕೊಂಡು ಉದ್ದ ರಜೆ ಬಂತು. ಶುಕ್ರವಾರ ಸಂಜೆ ಬೀಗ ಹಾಕುವವಳು ಇಂಚರಾ. ಮೈಸೂರಿನ ಮನೆಯಲ್ಲಿ ಹೊಸಿಲು ದಾಟುವ ಮುಂಚೆ ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿ ಬರುವುದು ಅವಳ ಪಾಲಿನ ಕೆಲಸ. 'ಎಲ್ಲಾ ಆಫ್ ಮಾಡಿದ್ಯಾ?' ಎಂದು ಅಮ್ಮ ಗೇಟಿನಲ್ಲಿ ನಿಂತು ಕೇಳುವುದು, 'ಹ್ಞೂಂ' ಎನ್ನುವುದು. ಇಪ್ಪತ್ತು ವರ್ಷದ ರೂಢಿ ಕೈಗೆ ಇಳಿದುಹೋಗಿತ್ತು. ಅಂದೂ ಹಿಂದಿನ ಕೋಣೆಯಲ್ಲಿ ಕೈ ತನ್ನಷ್ಟಕ್ಕೆ ತಾನೇ ಸಾಲಾಗಿ ಒತ್ತಿಕೊಂಡು ಹೋಯಿತು. ಹೀಟರು, ಕೆಟಲು, ಮೇಜಿನ ದೀಪ. ಮತ್ತೆ ನಾಲ್ಕನೆಯದು.

ಮಂಗಳವಾರ ಬೆಳಿಗ್ಗೆ ನೆಲದ ಮೇಲೆ ನೀರು ನಿಂತಿತ್ತು. ತಲೆಯಿದ್ದ ಚೀಲವನ್ನು ಒತ್ತಿದರೆ ಬೆರಳು ಒಳಗೆ ಹೋಯಿತು. ಫಿಂಟನ್ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಸ್ವಿಚ್ ಹಾಕಿದಳು, ನೀರನ್ನು ಬಟ್ಟೆಯಿಂದ ಹೀರಿಸಿ ಒರೆಸಿದಳು, ಹೋಗಿ ಕುರ್ಚಿಯಲ್ಲಿ ಕೂತಳು.

"ಹಿಂಗ್ಯಾಕ್ ಕೂತಿದ್ದೀಯ? ಯಾರನ್ನಾದ್ರೂ ಕೊಂದು ಬಂದ್ಯಾ?" ಎಂದು ಆ ಸಂಜೆ ರೂಮ್‌ಮೇಟ್ ಧನುಶ್ರೀ ಕೇಳಿದಳು. ತುಮಕೂರಿನ ಹುಡುಗಿ. ಇಂಚರಾಳ ಜೊತೆಗೇ ಓದಿ, ಆಗಲೇ ಒಳ್ಳೆಯ ಕೆಲಸ ಹಿಡಿದಿದ್ದವಳು.

"ಫ್ರೀಜರ್ ಆಫ್ ಮಾಡ್ಬಿಟ್ಟೆ ಕಣೇ. ನಾಲ್ಕು ರಾತ್ರಿ."

"ಅಷ್ಟೇನಾ? ನಾನು ಆಫೀಸಲ್ಲಿ ಒಂದಿಡೀ ತಿಂಗಳ ಡೇಟಾನೇ ಡಿಲೀಟ್ ಮಾಡಿದ್ದೆ. ಹೇಳ್ದೆ, ಬೈಸ್ಕೊಂಡೆ, ಮುಗೀತು. ನಾಳೆ ಹೋಗಿ ಹೇಳ್ಬಿಡು."

"ಕೆಲಸದಿಂದ ತೆಗೆದ್ರೆ?"

"ತೆಗೀಲಿ ಬಿಡೇ. ಸತ್ತ ಜಿಂಕೆಗಳ ರಿಸೆಪ್ಷನಿಸ್ಟ್ ತಾನೇ ನೀನು." ಧನುಶ್ರೀ ನಕ್ಕಳು. ಇಂಚರಾಳ ಮುಖ ನೋಡಿ ನಗು ನುಂಗಿದಳು. "ಲೇ, ನಿಜವಾಗ್ಲೂ ಹೇಳ್ಬಿಡು. ಇವತ್ತು ಹೇಳಿದ್ರೆ ಅದು ತಪ್ಪು ಅಷ್ಟೇ. ಆಮೇಲ್ ಹೇಳಿದ್ರೆ ಬೇರೆ ಏನೋ ಆಗುತ್ತೆ."

ಮರುದಿನ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಚೀಲ ಮತ್ತೆ ಕಲ್ಲಾಗಿತ್ತು. ನಡುವೆ ಎಲ್ಲೋ ಗಟ್ಟಿಯಾಗಿಯೇ ಉಳಿದಿದ್ದರೆ? ಏನೂ ಆಗಿರದಿದ್ದರೆ? ಅಲ್ಲಿಂದ ಮುಂದೆ ಆ ಮಾತು ಬಾಯಲ್ಲಿ ಬಿಸಿತುಪ್ಪವಾಯಿತು. ಶುಕ್ರವಾರ ಹನ್ನೊಂದಾಗುತ್ತಿತ್ತು. ಸರ್ ಅನ್ಬೇಡ, ನಾನೇನು ಪೊಲೀಸಾ? ಅವಳೂ ನಗುತ್ತಿದ್ದಳು. ಹೀಗೆ ಚಳಿಗಾಲ ಕಳೆಯಿತು, ಈಸ್ಟರ್ ಕಳೆಯಿತು.

ಯೂಜೀನ್‌ರ ಸರದಿ ಬಂದದ್ದು ಆಗಸ್ಟಿನ ಒಂದು ಶುಕ್ರವಾರ. ಫಿಂಟನ್ ಹಿಂದಿನ ದಿನವೇ ತಲೆಯನ್ನು ಕರಗಲು ಹೊರಗಿಟ್ಟಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ಒಳಗಿನಿಂದ ಬೈದದ್ದು ಕೇಳಿಸಿತು. ಇಂಚರಾ ಬಾಗಿಲಿಗೆ ಹೋಗಿ ನಿಂತಳು. ಫಿಂಟನ್ ಜಿಂಕೆಯ ಕೆನ್ನೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ರೋಮ ಬೇರುಸಹಿತ ಕಿತ್ತು ಅವನ ಕೈಗೆ ಬಂತು. ಮತ್ತೆ ಸವರಿದ. ಕತ್ತಿನಿಂದ ಹಿಡಿಹಿಡಿಯಾಗಿ ಬಂತು. ಕೆಳಗೆ ತೊಗಲು ಕೋಳಿಯ ಚರ್ಮದಂತೆ ಬೋಳಾಗಿ, ತುಸು ಹಸಿರಾಗಿ ಕಂಡಿತು.

"ಕೊಳೆತಿದೆ. ಇನ್ನೇನೂ ಮಾಡೋಕಾಗಲ್ಲ" ಎಂದ ಫಿಂಟನ್. "ಅವತ್ತೇ ರಾತ್ರಿ ಫ್ರೀಜರಿಗೆ ಹಾಕಿದೆ ಅಂತಾನೆ! ಕಾರಿನ ಡಿಕ್ಕೀಲಿ ಎರಡು ದಿನ ಬಿಟ್ಟಿರ್ತಾನೆ. ಎಲ್ಲರೂ ಇದೇ ಸುಳ್ಳು ಹೇಳೋದು. ಹನ್ನೊಂದಕ್ಕೆ ಹೇಗೂ ಫೋನ್ ಮಾಡ್ತಾನಲ್ಲ, ನೀನೇ ಹೇಳ್ಬಿಡು. ಬೇಕಿದ್ರೆ ಇದೇ ಕೊಂಬಿಗೆ ಬೇರೆ ಜಿಂಕೆ ಚರ್ಮ ಹಾಕಿ ಕೊಡ್ತೀನಿ ಅನ್ನು. ಕಿವಿ ನಾನೇ ಹರೀತೀನಿ, ಯಾರಿಗೂ ಗೊತ್ತಾಗಲ್ಲ."

ಹೇಳು, ಎಂದು ಅವಳ ಒಳಗೆ ಯಾರೋ ಅಂದರು. ಈಗ. ಫಿಂಟನ್ ಬೆನ್ನು ತಿರುಗಿಸಿ ಕೈ ತೊಳೆಯುತ್ತಿದ್ದ. ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅವನು ನಲ್ಲಿ ನಿಲ್ಲಿಸಿದ. ಫೋನ್ ಬಡಿಯಿತು.

"ಗುಡ್ ಮಾರ್ನಿಂಗ್, ಇಂಚರಾ." ಆ ದೇಶದವರಲ್ಲಿ ಅವಳ ಹೆಸರನ್ನು ನೆಟ್ಟಗೆ ಅನ್ನಲು ಕಲಿತಿದ್ದವರು ಅವರೊಬ್ಬರೇ.

ಅವಳು ಹೇಳಿದಳು. ರೋಮ ಉದುರುತ್ತಿದೆ ಎಂದಳು, ಚರ್ಮ ಉಳಿಯುವುದಿಲ್ಲ ಎಂದಳು. ಫ್ರೀಜರಿಗೆ ಹೋಗುವುದು ತಡವಾಗಿದ್ದರೆ ಹೀಗಾಗುತ್ತದೆ ಎಂದಳು. ಇದನ್ನೂ ತನ್ನ ಬಾಯೇ ಅಂದಿತೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

"ನಾನು ಸುಳ್ಳು ಹೇಳಿದ್ದೆ" ಎಂದರು ಯೂಜೀನ್. "ಅವತ್ತು ಕಾಹಲ್ ಅದನ್ನ ಕೊಟ್ಟಿಗೇಲಿ ಇಟ್ಟು ಕೆಲಸಕ್ಕೆ ಹೋದ. 'ಅಪ್ಪಾ, ಈಗ್ಲೇ ಫ್ರೀಜರಿಗೆ ಹಾಕು' ಅಂದಿದ್ದ. ಟೀವೀಲಿ ಮ್ಯಾಚ್ ಬರ್ತಿತ್ತು. ಬೆಳಿಗ್ಗೆ ಹಾಕಿದ್ರಾಯ್ತು ಅಂದ್ಕೊಂಡೆ."

ಅಕ್ಟೋಬರಿನ ಚಳಿಯಲ್ಲಿ, ಕಲ್ಲಿನ ಕೊಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟರೆ ಏನೂ ಆಗುವುದಿಲ್ಲ. ಆ ಶೆಡ್ಡಿನಲ್ಲಿ ಇಷ್ಟು ದಿನ ಕೂತವಳಿಗೆ ಅದು ಗೊತ್ತಿತ್ತು. ಫಿಂಟನ್ ಎದುರಿಗೇ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ಸಾರಿ, ಸರ್."

"ನೀನ್ಯಾಕಮ್ಮ ಸಾರಿ ಕೇಳ್ತೀಯ." ಅಂದು ಅವರು ಪೊಲೀಸಿನ ಮಾತು ಎತ್ತಲಿಲ್ಲ.

ಬೇರೆ ಚರ್ಮದ ವಿಷಯ ಹೇಳಿದಾಗ, "ಕಾಹಲ್‌ನ ಜಿಂಕೆಗೆ ಇನ್ಯಾವುದರದೋ ಮುಖಾನಾ? ಬೇಡ. ಬರೀ ಕೊಂಬು ಹಲಗೆಗೆ ಕೂರಿಸಿ ಕೊಡಿ" ಎಂದರು. ಮೊದಲ ಬಾರಿಗೆ ಕೇಳಿದರು. "ಅದಕ್ಕೆಷ್ಟು ದಿನ ಆಗುತ್ತೆ?"

"ಒಂದು ವಾರ, ಸರ್."

"ಅಷ್ಟೇನಾ?" ಎಂದರು. ಇನ್ನೂ ಆರೇಳು ತಿಂಗಳು ಕಾಯಲು ಸಿದ್ಧವಾಗಿದ್ದ ಮನುಷ್ಯನ ದನಿ ಅದು. ಕಾಯುವುದನ್ನೂ ಯಾರೋ ಕಿತ್ತುಕೊಂಡಂತಿತ್ತು.

ಕೊಂಬು ಸಿದ್ಧವಾಯಿತು. ಯೂಜೀನ್ ಬರಲಿಲ್ಲ. ಮೂರು ಶುಕ್ರವಾರ ಹನ್ನೊಂದು ಗಂಟೆ ಬಂದು ಹೋಯಿತು, ಫೋನ್ ಬಡಿಯಲಿಲ್ಲ. ನಾಲ್ಕನೆಯ ಶನಿವಾರ ಇಂಚರಾ ಆ ಕೊಂಬನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಯೂಜೀನ್‌ರ ಊರಿಗೆ ಹೋಗುವ, ರಾಸ್‌ಕಾಮನ್ ಕಡೆಯ ಬಸ್ಸು ಹತ್ತಿದಳು. ಅಂಗೈಯಂತೆ ಅಗಲವಾದ ಕೊಂಬಿನ ತುದಿಗಳು ಚೀಲ ಹರಿದು ದಾರಿಯುದ್ದಕ್ಕೂ ತೊಡೆಗೆ ಚುಚ್ಚಿದವು. ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಒಳಗೊಳಗೇ ಇಪ್ಪತ್ತು ಸಲ ಹೇಳಿಕೊಂಡಳು. ಕೆಲಸ ಹೋದರೆ ಹೋಗಲಿ. ನವೆಂಬರ್ ಹೇಗೂ ಬರುತ್ತದೆ. ಆ ಮುದುಕರ ತಲೆಯ ಮೇಲಿನ ಭಾರ ಒಂದು ಇಳಿದರೆ ಸಾಕು.

ಯೂಜೀನ್ ಬಾಗಿಲು ತೆರೆದು, ಅವಳನ್ನೂ ಚೀಲವನ್ನೂ ನೋಡಿ, ಒಳಗೆ ಕರೆದು ಚಹಾಕ್ಕಿಟ್ಟರು. ಗಡ್ಡ ಬೋಳಿಸಿ ಬಹಳ ದಿನವಾದಂತಿತ್ತು. ಒಲೆಯ ಮೇಲಿನ ಗೋಡೆಯಲ್ಲಿ ದಪ್ಪನೆಯ ಮೊಳೆ, ಅದರ ಸುತ್ತ ಹೊಸ ಬಣ್ಣ. ಅಷ್ಟೇ ಜಾಗಕ್ಕೆ ಬಳಿದಿದ್ದರು.

ಅವಳು ಚಹಾ ಮುಟ್ಟಲಿಲ್ಲ. "ಸರ್, ಅದು ನಿಮ್ಮಿಂದ ಆಗಿದ್ದಲ್ಲ. ನಾನು ಫ್ರೀಜರ್ ಸ್ವಿಚ್ ಆಫ್ ಮಾಡಿದ್ದೆ. ರಜೇಲಿ. ನಾಲ್ಕು ರಾತ್ರಿ ಆಫ್ ಆಗಿತ್ತು."

ಯೂಜೀನ್ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

"ಫಿಂಟನ್ ಕಳಿಸಿದ್ನಾ?"

"ಇಲ್ಲ. ಅವರಿಗೆ ಗೊತ್ತೇ ಇಲ್ಲ. ನಾನೇ ಬಂದೆ."

ಅವರ ಮುಖ ಮೆತ್ತಗಾಯಿತು.

"ನನ್ನ ಹೆಂಡ್ತಿನೂ ನಿನ್ ಹಾಗೇ. ಒಂದ್ಸಲ ಕಾರು ಹಿಂದಕ್ಕೆ ತಗೊಳ್ವಾಗ ನಮ್ ನಾಯಿ ಮೇಲೆ ಹತ್ತಿಸ್ಬಿಟ್ಟೆ. ಗೇಟ್ ತೆಗೆದಿಟ್ಟಿದ್ದು ತಾನೇ ಅಂತ ಅವಳು ಸಾಯೋವರೆಗೂ ತಪ್ಪು ತನ್ ಮೇಲೆ ಹಾಕ್ಕೊಂಡ್ಲು. ಗೇಟ್ ಹಾಕಿತ್ತು. ನಾನೇ ಕಣ್ಣಾರೆ ನೋಡಿದ್ದೆ."

"ಇಲ್ಲ ಸರ್, ಇದು ಹಾಗಲ್ಲ. ನಿಜವಾಗ್ಲೂ..." ಅವಳು ಸ್ವಿಚ್ಚುಗಳ ಸಾಲನ್ನು ಹೇಳಿದಳು. ಹೀಟರು, ಕೆಟಲು, ದೀಪ. ನೆಲದ ನೀರನ್ನು ಹೇಳಿದಳು, ಒರೆಸಿದ ಬಟ್ಟೆಯನ್ನು ಹೇಳಿದಳು. ಕಣ್ಣು ತುಂಬಿತು. ಒಂದೊಂದು ವಿವರ ಸೇರಿದಂತೆ ಯೂಜೀನ್‌ರ ಕಣ್ಣಲ್ಲಿ ಕರುಣೆಯೂ ಹೆಚ್ಚುತ್ತಾ ಹೋಯಿತು. ಇಷ್ಟು ತಿಂಗಳು ಬಾಯಿ ಬಿಡದವಳು ಈಗ ಬಸ್ಸು ಹತ್ತಿ ಬಂದು ಹೇಳಿದರೆ, ಅದನ್ನು ತಪ್ಪೊಪ್ಪಿಗೆ ಎಂದು ಯಾರು ತಾನೇ ನಂಬುತ್ತಾರೆ?

"ಆಯ್ತಮ್ಮ. ಆಯ್ತು" ಎಂದು ಅವಳ ಕೈ ತಟ್ಟಿದರು. "ಸರಿ, ನೀನು ಹೇಳಿದ ಹಾಗೇ ಆಗ್ಲಿ. ಚಹಾ ಕುಡಿ, ಆರ್ತಿದೆ."

ಕೊಂಬನ್ನು ಅವರು ಮೊಳೆಗೆ ಹಾಕಲಿಲ್ಲ. ಚೀಲ ಸಮೇತ ಮೇಜಿನ ಕೆಳಗೆ ಸರಿಸಿದರು. ಆಮೇಲೆ ಕಾರಿನಲ್ಲಿ ಬಸ್‌ಸ್ಟಾಪಿನವರೆಗೆ ಬಿಟ್ಟು, ಬಸ್ಸು ಬರುವತನಕ ಜೊತೆಗೇ ನಿಂತಿದ್ದರು.

ಮುಂದಿನ ಶುಕ್ರವಾರ ಹನ್ನೊಂದಕ್ಕೆ ಫೋನ್ ಬಡಿಯಿತು.

"ಇಂಚರಾ, ನಾನು ಯೂಜೀನ್. ಕೇಳೋಕೇನೂ ಇಲ್ಲ. ಅವತ್ತು ಅಷ್ಟು ಬೇಜಾರ್ ಮಾಡ್ಕೊಂಡಿದ್ಯಲ್ಲ, ಹೇಗಿದ್ದೀಯ ಅಂತ. ನೀನೇನೂ ಮನಸ್ಸಿಗೆ ಹಚ್ಕೋಬೇಡಮ್ಮ. ಮಗ ಹೇಳಿದ ಒಂದೇ ಒಂದು ಮಾತು ನಾನು ಕೇಳ್ಲಿಲ್ಲ. ಅದನ್ನ ನೀನ್ಯಾಕೆ ಹೊರ್ತೀಯ?"

"ಸರ್..." ಎಂದಳು ಇಂಚರಾ. ಸರ್ ಅನ್ಬೇಡ ಎಂದು ಅವರು ಹೇಳಲೆಂದು ಕಾದಳು.

ಅವರು ಹೇಳಲಿಲ್ಲ. "ಮುಂದಿನ ವಾರ ಮಾಡ್ತೀನಿ" ಎಂದು ಫೋನ್ ಇಟ್ಟರು. ನವೆಂಬರಿಗೆ ಇನ್ನೂ ಏಳು ಶುಕ್ರವಾರ ಇತ್ತು.